ಹಾಲ್‌ನೊಳಗೆ ಸ್ಟುಡಿಯೋ ಬೇಕು, ಹಾಲ್ ಮುಚ್ಚಿ ಅಲ್ಲ

ಮಾನ್ಯ ಸಂಪಾದಕರೇ,

ನಾನು ಮೈಸೂರಿನವನು. ಮೂವತ್ತೈದು ವರ್ಷ ಮೈಕ್ ಸೆಟ್ ಇಟ್ಟುಕೊಂಡಿದ್ದೆ. ಮದುವೆ, ಗಣೇಶನ ಪೆಂಡಾಲು, ರಾಮೋತ್ಸವ, ಸ್ಕೂಲ್ ಡೇ, ಎಲ್ಲಕ್ಕೂ ಹೋಗಿದ್ದೇನೆ. ಆದರೆ ಮನಸ್ಸಿಟ್ಟು ಕೆಲಸ ಮಾಡಿದ್ದು ಸಂಗೀತ ಕಚೇರಿಗಳಿಗೆ ಮಾತ್ರ. ಈಗ ಅಂಗಡಿ ಮಗನ ಕೈಯಲ್ಲಿದೆ. ನಾನು ಸುಮ್ನೆ ಕಚೇರಿಗೆ ಹೋಗಿ, ಹಿಂದಿನ ಸಾಲಲ್ಲಿ ಕೂತು, ಪಿಟೀಲು ಸ್ವಲ್ಪ ಜಾಸ್ತಿ ಆಯ್ತು ಅಂತ ಅವನಿಗೆ ಕೈ ಸನ್ನೆ ಮಾಡುತ್ತಿರುತ್ತೇನೆ. ಅವನು ನೋಡಿಯೂ ನೋಡದ ಹಾಗೆ ಇರುತ್ತಾನೆ.

ವಿಷಯ ಇಷ್ಟು. ನಾನು ಸದಸ್ಯನಾಗಿರುವ ಒಂದು ಹಳೆ ಸಂಗೀತ ಸಭೆ ಇದೆ, ಹೆಸರು ಬೇಡ. ಅದಕ್ಕೆ ಸ್ವಂತ ಹಾಲ್ ಇದೆ. ಎರಡಡಿ ದಪ್ಪದ ಗಾರೆ ಗೋಡೆ, ಮೇಲೆ ಮಂಗಳೂರು ಹೆಂಚು, ಮರದ ತೊಲೆ, ಕೆಂಪು ಗಾರೆ ನೆಲ. ಕಳೆದ ತಿಂಗಳು ಕಮಿಟಿಯವರು ಒಂದು ನಕ್ಷೆ ತೋರಿಸಿದರು. ಹಾಲ್‌ನಲ್ಲಿ ಮಾಡರ್ನ್ ರೆಕಾರ್ಡಿಂಗ್ ಸ್ಟುಡಿಯೋ ಮಾಡುತ್ತಾರಂತೆ. ಹನ್ನೆರಡು ಅಡಿಗೆ ಫಾಲ್ಸ್ ಸೀಲಿಂಗ್, ಗೋಡೆ ತುಂಬಾ ಮೊಟ್ಟೆ ಟ್ರೇ ಥರದ ಸ್ಪಂಜು, ನೆಲಕ್ಕೆ ಕಾರ್ಪೆಟ್, ಹಿಂದುಗಡೆ ರೆಕಾರ್ಡಿಂಗ್ ಮಾಡುವವನಿಗೆ ಗಾಜಿನ ಕ್ಯಾಬಿನ್. ಹಾಲ್ ಹಾಲೂ ಆಯಿತು, ಸ್ಟುಡಿಯೋನೂ ಆಯಿತು ಅನ್ನೋದು ಅವರ ಲೆಕ್ಕ. ಕಂಪ್ಯೂಟರಿನಲ್ಲಿ ಬರೆದ ಚಿತ್ರ, ನೀಲಿ ದೀಪ ಎಲ್ಲ ಹಾಕಿ ನೋಡಲು ಚೆನ್ನಾಗಿಯೇ ಇತ್ತು. ಚಿತ್ರದಲ್ಲಿ ಸದ್ದು ಕೇಳಿಸಲ್ಲ ಅಲ್ವಾ.

ನಾನು ಸ್ಟುಡಿಯೋಗೆ ವಿರೋಧ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮೀಟಿಂಗ್‌ನಲ್ಲಿ ನಾನು ಬಾಯಿ ತೆಗೆದ ತಕ್ಷಣ ‘ಹಳೇ ಕಾಲದವರು ಎಲ್ಲದಕ್ಕೂ ಬೇಡ ಅಂತೀರಿ’ ಅಂದರು. ರೆಕಾರ್ಡಿಂಗ್ ಇಲ್ಲದೆ ಏನೇನು ಹೋಯಿತು ಅಂತ ನನಗಿಂತ ಜಾಸ್ತಿ ಗೊತ್ತಿರುವವರು ಆ ಕಮಿಟಿಯಲ್ಲಿ ಯಾರೂ ಇಲ್ಲ. ಕ್ಯಾಸೆಟ್ ಕಾಲದಲ್ಲಿ ರಸಿಕರು ಟೇಪ್ ರೆಕಾರ್ಡರ್ ಹಿಡಿದುಕೊಂಡು ನನ್ನ ಮಿಕ್ಸರ್ ಹತ್ತಿರ ಬಂದು ‘ಒಂದು ಲೈನ್ ಕೊಡಪ್ಪ’ ಅಂತ ನಿಲ್ಲುತ್ತಿದ್ದರು. ಸಿ-90 ಕ್ಯಾಸೆಟ್. ಒಂದು ಸೈಡಿಗೆ 45 ನಿಮಿಷ. ಎರಡನೇ ಕ್ಯಾಸೆಟ್ ಹಾಕಿ, ಅದರ ಮೊದಲ ಸೈಡ್ ಮುಗಿದು ಟಕ್ ಅಂತ ಬಟನ್ ಎಗರುವ ಹೊತ್ತಿಗೆ ಸರಿಯಾಗಿ ತನಿ ಆವರ್ತನ, ಅಂದರೆ ಮೃದಂಗದವರೇ ನುಡಿಸುವ ಭಾಗ, ನಡೆಯುತ್ತಿರುತ್ತಿತ್ತು. ತೆಗೆದು, ತಿರುಗಿಸಿ, ಹಾಕುವಷ್ಟರಲ್ಲಿ ಮೃದಂಗದವರು ಮುಕ್ತಾಯದ ಕೋರ್ವೆ ಮುಗಿಸಿ ಚಪ್ಪಾಳೆ ಬಿದ್ದಿರುತ್ತಿತ್ತು. ಮೈಸೂರಿನ ಮನೆಮನೆಯ ಅಲಮಾರುಗಳಲ್ಲಿ ಇವತ್ತಿಗೂ ಅಂಥ ಕ್ಯಾಸೆಟ್‌ಗಳಿವೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ತೂತು. ನನ್ನ ಹತ್ತಿರವೇ ಒಂದು ಇದೆ. ಪಲ್ಲವಿ ಎತ್ತಿಕೊಳ್ಳುವವರೆಗೆ ಅದ್ಭುತವಾಗಿ ಬಂದಿದೆ, ಆಮೇಲೆ ಯಾರೋ ಕೆಮ್ಮುವುದು, ಆಮೇಲೆ ಸೀದಾ ಮಂಗಳ. ಮಧ್ಯ ಏನಾಯಿತು ಅಂತ ಆವತ್ತು ಹಾಲ್‌ನಲ್ಲಿದ್ದವರ ನೆನಪಲ್ಲಿ ಮಾತ್ರ ಇದೆ. ಅವರಲ್ಲೂ ಈಗ ಉಳಿದಿರುವವರು ನಾಲ್ಕೋ ಐದೋ ಜನ.

ಹಾಗಾಗಿ ರೆಕಾರ್ಡಿಂಗ್ ಬೇಕೇ ಬೇಕು, ಒಳ್ಳೆಯದೇ ಬೇಕು. ಸೆಕ್ರೆಟರಿಯವರು ಹೇಳುವುದರಲ್ಲೂ ನ್ಯಾಯ ಇದೆ. ಹಾಲ್‌ಗೆ ಆದಾಯ ಇಲ್ಲ, ಸೀರೆ ಎಕ್ಸಿಬಿಷನ್ ಬಾಡಿಗೆಯಲ್ಲಿ ಹೆಂಚು ರಿಪೇರಿ ನಡೆಯುತ್ತಿದೆ. ನಮ್ಮೂರ ಹುಡುಗರು ಒಂದು ಹಾಡು ರೆಕಾರ್ಡ್ ಮಾಡಲು ಬೆಂಗಳೂರಿಗೆ ಬಸ್ ಹತ್ತುತ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಆ ದುಡ್ಡು ಇಲ್ಲೇ ಇರಲಿ ಅಂದರೆ ತಪ್ಪೇನು? ಏನೂ ತಪ್ಪಿಲ್ಲ. ನನ್ನ ತಕರಾರು ಸ್ಪಂಜಿನ ಮೇಲೆ, ಸೀಲಿಂಗ್ ಮೇಲೆ.

ನಕ್ಷೆ ನೋಡಿದ ಮಾರನೇ ದಿನ ಬೆಳಿಗ್ಗೆ ನಾನು ಹತ್ತು ರೂಪಾಯಿಗೆ ಬಲೂನ್ ತಗೊಂಡು ಹಾಲ್‌ಗೆ ಹೋದೆ. ಕಾವಲುಗಾರನಿಗೆ ಮೊದಲೇ ಹೇಳಿದ್ದೆ, ಆದರೂ ಮೊದಲ ಬಲೂನ್ ಒಡೆದಾಗ ಅವನು ಬೀಡಿ ಬಿಸಾಕಿ ಓಡಿ ಬಂದ. ತೊಲೆ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು, ಅವು ಕೂರುವ ತನಕ ಕಾದು ಎರಡನೆಯದನ್ನು ಒಡೆದೆ. ಮೊಬೈಲಿನಲ್ಲಿ ಒಂದು ಆ್ಯಪ್ ಇದೆ, ಸದ್ದು ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ತೋರಿಸುತ್ತದೆ. ಹೆಚ್ಚೂಕಡಿಮೆ ಎರಡು ಸೆಕೆಂಡ್ ಬಂತು. ಖಾಲಿ ಹಾಲ್‌ಗೆ ಎರಡು ಸೆಕೆಂಡ್ ಅಂದರೆ ಜಾಸ್ತಿಯೇ, ಮಾತಾಡಿದರೆ ಗೊಳಗೊಳ ಅನ್ನುತ್ತದೆ. ಆದರೆ ಹಾಲ್ ಕಟ್ಟಿಸಿದವರು ಖಾಲಿ ಇರಲಿ ಅಂತ ಕಟ್ಟಿಸಲಿಲ್ಲವಲ್ಲ.

ಇದಕ್ಕೊಂದು ಸುಲಭದ ಲೆಕ್ಕ ಇದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲೇಸ್ ಸೇಬೈನ್ ಅಂತ ಒಬ್ಬ ಫಿಸಿಕ್ಸ್ ಮೇಷ್ಟ್ರು, 1895ರ ಸುಮಾರಿಗೆ, ಮಾತು ಅರ್ಥವಾಗದಷ್ಟು ಗೊಳಗೊಳ ಅನ್ನುವ ಒಂದು ಲೆಕ್ಚರ್ ಹಾಲ್ ಅನ್ನು ಸರಿ ಮಾಡಿಕೊಡಿ ಅಂತ ಕೇಳಿದಾಗ, ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಒಂದು ಆರ್ಗನ್ ಪೈಪ್ ಊದಿಸಿ, ಸ್ಟಾಪ್ ವಾಚ್ ಹಿಡಿದು ಅಳೆದು, ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಟ್ಟು ಬರುತ್ತಿದ್ದರಂತೆ. ಅವರು ಕಂಡುಕೊಂಡಿದ್ದು ಇಷ್ಟೇ: ಹಾಲ್ ಎಷ್ಟು ದೊಡ್ಡದೋ ಸದ್ದು ಅಷ್ಟು ಹೊತ್ತು ಉಳಿಯುತ್ತದೆ, ಸದ್ದು ಕುಡಿಯುವ ವಸ್ತು ಎಷ್ಟಿದೆಯೋ ಅಷ್ಟು ಬೇಗ ಸಾಯುತ್ತದೆ. ಮನುಷ್ಯರೂ ಸದ್ದು ಕುಡಿಯುತ್ತಾರೆ. ಬಟ್ಟೆ, ಶಾಲು, ತಲೆಕೂದಲು ಎಲ್ಲ.

ನಮ್ಮ ಹಾಲ್ 60 ಅಡಿ ಉದ್ದ, 35 ಅಡಿ ಅಗಲ, ಸರಾಸರಿ 22 ಅಡಿ ಎತ್ತರ. ಖಾಲಿ ಇದ್ದಾಗ ಎರಡು ಸೆಕೆಂಡ್. 250 ಜನ ಕೂತರೆ ಸೇಬೈನ್ ಲೆಕ್ಕದಲ್ಲಿ ಅದು ಒಂದು ಸೆಕೆಂಡಿಗೆ ಇಳಿಯುತ್ತದೆ. ಕಚೇರಿಗೆ ಅದು ಹೇಳಿ ಮಾಡಿಸಿದ ಹಾಗೆ. ಹಾಡುವವರು ಷಡ್ಜದಲ್ಲಿ ನಿಂತರೆ ಅದು ಕ್ಷಣ ಹೊತ್ತು ಮೇಲೆ ತೊಲೆಯ ಹತ್ತಿರ ನಿಂತು ಇಳಿಯುತ್ತದೆ, ಆದರೂ ಮೃದಂಗದ ಸೊಲ್ಲುಗಳು ಒಂದರ ಮೇಲೊಂದು ಬೀಳುವುದಿಲ್ಲ. ಈಗ ಕಮಿಟಿಯ ನಕ್ಷೆ ಪ್ರಕಾರ ಸೀಲಿಂಗ್ ಹನ್ನೆರಡಡಿಗೆ ಇಳಿಸಿ, ಗೋಡೆ-ಸೀಲಿಂಗ್‌ಗೆ ಸ್ಪಂಜು ಹಾಕಿ ಅದೇ ಲೆಕ್ಕ ಮಾಡಿದೆ. ಒಂದು ಸೆಕೆಂಡಿನ ಮೂರನೇ ಒಂದು ಭಾಗ ಬಂತು. ಅದೂ ಜನ ಇಲ್ಲದೆ, ಕಾರ್ಪೆಟ್ ಲೆಕ್ಕಕ್ಕೆ ಹಿಡಿಯದೆ. ಹತ್ತಿ ಗೋಡೌನಿನಲ್ಲಿ ಕೂತು ಹಾಡಿದ ಹಾಗೆ.

‘ಸಿನಿಮಾ ಸ್ಟುಡಿಯೋಗಳು ಹಾಗೇ ಇರ್ತವಲ್ಲ’ ಅಂತ ಒಬ್ಬರು ಕೇಳಿದರು. ಇರುತ್ತವೆ, ಅಲ್ಲಿಗೆ ಅದು ಸರಿ. ಅಲ್ಲಿ ಒಬ್ಬೊಬ್ಬರೇ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ಟ್ರ್ಯಾಕ್ ನುಡಿಸಿ ಹೋಗುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಬೇಕೋ ಅಷ್ಟು ಎಕೋ ಸುರಿಯುತ್ತಾರೆ. ಕಚೇರಿ ಹಾಗಲ್ಲ. ಹಾಡುವವರು ಒಂದು ಸಂಗತಿ (ಅದೇ ಸಾಲಿನ ಇನ್ನೊಂದು ಬಗೆ) ಹಾಕುತ್ತಾರೆ, ಪಿಟೀಲಿನವರು ಅದನ್ನು ಹಿಡಿಯುತ್ತಾರೆ, ಮೃದಂಗದವರು ತಲೆ ಅಲ್ಲಾಡಿಸಿ ಅದಕ್ಕೆ ತಕ್ಕ ಹಾಗೆ ತೊಪ್ಪಿಯ, ಅಂದರೆ ಮೃದಂಗದ ಎಡಮುಖದ, ಸದ್ದು ತಗ್ಗಿಸುತ್ತಾರೆ, ಮುಂದಿನ ಸಾಲಿನ ಅಜ್ಜಿ ‘ಭೇಷ್’ ಅನ್ನುತ್ತಾರೆ, ಆ ‘ಭೇಷ್’ ಕೇಳಿ ಹಾಡುವವರು ಇನ್ನೊಂದು ಸಂಗತಿ ಹಾಕುತ್ತಾರೆ. ಇವರೆಲ್ಲರ ಮಧ್ಯೆ ಸದ್ದನ್ನು ಹೊತ್ತುಕೊಂಡು ಓಡಾಡುವುದು ಗೋಡೆ ಮತ್ತು ಸೂರು. ಅದನ್ನು ಸ್ಪಂಜಿನಿಂದ ಮುಚ್ಚಿದರೆ ಕಲಾವಿದರಿಗೆ ತಮ್ಮ ಗಂಟಲೇ ಕೇಳಿಸುವುದಿಲ್ಲ, ‘ಮಾನಿಟರ್ ಜಾಸ್ತಿ ಮಾಡಿ’ (ಅವರ ಕಡೆ ತಿರುಗಿಸಿಟ್ಟ ಸ್ಪೀಕರ್) ಅನ್ನುತ್ತಾರೆ, ನಾವು ಜಾಸ್ತಿ ಮಾಡುತ್ತೇವೆ, ಅದು ಮೈಕಿಗೆ ನುಗ್ಗುತ್ತದೆ, ಕೂಗು ಹಿಡಿಯುತ್ತದೆ. ಮೂವತ್ತೈದು ವರ್ಷ ಇದನ್ನೇ ನೋಡಿದ್ದೇನೆ.

ಇನ್ನು ಆ ಸ್ಪಂಜಿನ ಬಗ್ಗೆ. ಒಂದಿಂಚಿನ ಸ್ಪಂಜು ಹೊರಗಿನ ಸದ್ದನ್ನು ತಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಒಂದು ಚೂರೂ ತಡೆಯಲ್ಲ. ಹೊರಗಿನ ಸದ್ದು ತಡೆಯುವುದು ತೂಕ ಮತ್ತು ಸಂದಿ ಇಲ್ಲದಿರುವುದು. ಎರಡಡಿ ಗಾರೆ ಗೋಡೆಗಿಂತ ತೂಕ ಇನ್ನೇನು ಬೇಕು? ನಮ್ಮ ಹಾಲ್‌ಗೆ ಬಸ್ಸಿನ ಹಾರ್ನ್ ಬರುವುದು ಗೋಡೆಯಿಂದ ಅಲ್ಲ, ಬಾಗಿಲ ಕೆಳಗಿನ ಎರಡು ಬೆರಳಿನ ಸಂದಿಯಿಂದ, ಒಡೆದ ಕಿಟಕಿ ಗಾಜಿನಿಂದ, ಹೆಂಚಿನ ಸಂದುಗಳಿಂದ. ಒಳಗಿನ ಸದ್ದಿನಲ್ಲೂ ಸ್ಪಂಜು ಕುಡಿಯುವುದು ತೆಳು ಸ್ವರಗಳನ್ನು ಮಾತ್ರ. ತಂಬೂರಿಯ ಝೇಂಕಾರ, ಪಿಟೀಲಿನ ಕಮಾನು ತಂತಿ ಮುಟ್ಟುವ ಸೊಗಸು, ಖಂಜಿರದ ಗೆಜ್ಜೆ, ಅವೆಲ್ಲ ಹೋಗುತ್ತವೆ. ಮೃದಂಗದ ತೊಪ್ಪಿಯ ಗುಂಕಿ, ಅಂದರೆ ಆ ದಪ್ಪ ಸದ್ದು, ಅದರ ಅಲೆಯ ಉದ್ದ ಹತ್ತು ಅಡಿ ದಾಟುತ್ತದೆ, ಅದಕ್ಕೆ ಒಂದಿಂಚಿನ ಸ್ಪಂಜು ಆನೆಗೆ ಸೊಳ್ಳೆ ಕಚ್ಚಿದಂತೆ. ಅಂದರೆ ಚೆನ್ನಾಗಿರುವುದೆಲ್ಲ ಸತ್ತು, ಗುಂಯ್ ಅನ್ನುವುದು ಮಾತ್ರ ಉಳಿಯುತ್ತದೆ.

ಮತ್ತೆ ಬೆಂಕಿ. ಇದನ್ನು ಮೈಸೂರಿನವರಿಗೆ ಬೇರೆಯವರು ಹೇಳಿಕೊಡಬೇಕಾ? 1989ರ ಫೆಬ್ರವರಿ 8, ಪ್ರೀಮಿಯರ್ ಸ್ಟುಡಿಯೋ. ಟಿಪ್ಪು ಸೀರಿಯಲ್‌ನ ಶೂಟಿಂಗ್ ನಡೆಯುತ್ತಿತ್ತು. ಸಡಿಲ ವೈರಿಂಗ್, ಗೋಡೆಗೆ ಗೋಣಿಚೀಲ, ಗಾಳಿ ಆಡಲು ಜಾಗ ಇಲ್ಲ. 62 ಜನ ಹೋದರು. ನಾನು ಆಗ ಹುಡುಗ, ಆ ಸಂಜೆ ಆಸ್ಪತ್ರೆ ಕಡೆ ಹೋದ ಜನರ ಮುಖ ಇನ್ನೂ ಕಣ್ಣ ಮುಂದೆ ಇದೆ. ಮೊಟ್ಟೆ ಟ್ರೇ ಸ್ಪಂಜು ಗೋಣಿಚೀಲಕ್ಕಿಂತ ಬೇಗ ಹತ್ತಿಕೊಳ್ಳುತ್ತದೆ, ಅದರ ಹೊಗೆ ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿ 2003ರಲ್ಲಿ ಒಂದು ನೈಟ್‌ಕ್ಲಬ್ಬಿನಲ್ಲಿ ವೇದಿಕೆ ಹಿಂದಿನ ಗೋಡೆಯ ಸ್ಪಂಜಿಗೆ ಬಾಣಬಿರುಸಿನ ಕಿಡಿ ತಗುಲಿ 100 ಜನ ಸತ್ತರು. ನಮ್ಮ ಹಾಲ್‌ನಲ್ಲಿ ಕಚೇರಿ ಶುರುವಾಗುವುದೇ ದೀಪ ಹಚ್ಚಿ. ಮೇಲೆ ಒಣಗಿದ ಮರದ ತೊಲೆ. ಸ್ಪಂಜು ಅಂಟಿಸುವ ಮುಂಚೆ ಕಮಿಟಿಯವರು ಒಂದು ತುಂಡು ತಂದು ಅಂಗಳದಲ್ಲಿ ಬೆಂಕಿಕಡ್ಡಿ ಗೀರಿ ನೋಡಲಿ.

ಹಳೆಯ ಹಾಲ್‌ನಲ್ಲಿ ರೆಕಾರ್ಡಿಂಗ್ ಮಾಡುವುದು ಹೊಸ ವಿಚಾರ ಏನಲ್ಲ. ದೊಡ್ಡ ದೊಡ್ಡ ಕಂಪನಿಗಳು ಸ್ಟುಡಿಯೋ ಬಿಟ್ಟು ಹಾಲ್ ಹುಡುಕಿಕೊಂಡು ಹೋದವು. ವಿಯೆನ್ನಾದ ಸೋಫಿಯೆನ್‌ಸಾಲ್ ಮೊದಲು ಸ್ನಾನದ ಮನೆ, ಚಳಿಗಾಲದಲ್ಲಿ ಈಜುಕೊಳದ ಮೇಲೆ ಹಲಗೆ ಹಾಸಿ ಡ್ಯಾನ್ಸ್ ಹಾಲ್ ಮಾಡುತ್ತಿದ್ದರು. ಆ ಹಲಗೆ ಕೆಳಗಿನ ಟೊಳ್ಳು ಸದ್ದನ್ನು ಎತ್ತಿಕೊಡುತ್ತಿತ್ತು, ನಮ್ಮ ವೀಣೆಯ ಕೊಡದ ಹಾಗೆ ಅಂದುಕೊಳ್ಳಿ. ಡೆಕ್ಕಾ ಕಂಪನಿ 1950ರ ದಶಕದಿಂದ ಸುಮಾರು ಮೂವತ್ತು ವರ್ಷ ಅಲ್ಲೇ ರೆಕಾರ್ಡ್ ಮಾಡಿತು. 2001ರ ಆಗಸ್ಟಿನಲ್ಲಿ ಚಾವಣಿ ರಿಪೇರಿ ಕೆಲಸ ನಡೆಯುವಾಗ ಬೆಂಕಿ ಬಿದ್ದು ಅದು ಸುಟ್ಟುಹೋಯಿತು, ಆಮೇಲೆ ಮತ್ತೆ ಕಟ್ಟಿ ತೆರೆದರು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಯವರು 30ನೇ ಬೀದಿಯ ಒಂದು ಹಳೆ ಚರ್ಚನ್ನು ತಗೊಂಡು 1981ರವರೆಗೆ ಅಲ್ಲಿ ರೆಕಾರ್ಡ್ ಮಾಡಿದರು. ಅಲ್ಲಿನ ಮುಖ್ಯಸ್ಥ ಮಿಚ್ ಮಿಲ್ಲರ್ ಹಾಕಿದ ಆರ್ಡರ್ ನನಗೆ ಬಹಳ ಇಷ್ಟ. ಒಳಗೆ ಏನನ್ನೂ ಬದಲಾಯಿಸಕೂಡದು, ಹಳೆ ಪರದೆ ಮುಟ್ಟಕೂಡದು, ಮರದ ನೆಲವನ್ನು ನೀರು ಹಾಕಿ ಒರೆಸಕೂಡದು. ನೆಲ ನೆನೆದರೆ ಸದ್ದು ಬದಲಾದೀತು ಅಂತ. ನಮ್ಮವರು ಇಡೀ ಸೂರನ್ನೇ ಮುಚ್ಚಲು ಹೊರಟಿದ್ದಾರೆ.

ಲಂಡನ್ನಿನ ಕಿಂಗ್ಸ್‌ವೇ ಹಾಲ್ ಕಥೆ ಮೈಸೂರಿನವರಿಗೆ ಇನ್ನೂ ಹತ್ತಿರದ್ದು. 1912ರಲ್ಲಿ ಕಟ್ಟಿದ ಮೆಥಡಿಸ್ಟ್ ಚರ್ಚಿನ ಹಾಲ್ ಅದು. 1920ರ ದಶಕದಿಂದ 1984ರವರೆಗೆ ಅಲ್ಲಿ ಲೆಕ್ಕವಿಲ್ಲದಷ್ಟು ರೆಕಾರ್ಡುಗಳಾದವು. ನಮ್ಮ ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಎಷ್ಟಿತ್ತು ಅಂತ ನಿಮಗೆಲ್ಲ ಗೊತ್ತು. ಯಾರೂ ರೆಕಾರ್ಡ್ ಮಾಡದ ಕೃತಿಗಳನ್ನು ರೆಕಾರ್ಡ್ ಮಾಡಿಸಲಿಕ್ಕೆ ಅವರು ದುಡ್ಡು ಕೊಟ್ಟರು, ಮೆಡ್ಟ್‌ನರ್ ಎಂಬ ರಷ್ಯನ್ ಸಂಗೀತಗಾರರು ಮುದಿ ವಯಸ್ಸಿನಲ್ಲಿ ತಮ್ಮ ಕೃತಿಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡಲು ಆಗಿದ್ದು ಆ ದುಡ್ಡಿನಿಂದ. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ 1949ರಲ್ಲಿ ಕರಾಯನ್ ಎಂಬ ಆರ್ಕೆಸ್ಟ್ರಾ ನಿರ್ದೇಶಕರ ಕೈಕೆಳಗೆ ರಷ್ಯದ ಬಾಲಕಿರೆವ್ ಅವರ ಸಿಂಫನಿ ನುಡಿಸಿದ್ದೂ ಅದೇ ನೆರವಿನಲ್ಲಿ, ಅದೇ ಕಿಂಗ್ಸ್‌ವೇ ಹಾಲ್‌ನಲ್ಲಿ. ಆ ಹಾಲ್‌ನ ಕೆಳಗೆ ಸುರಂಗದಲ್ಲಿ ರೈಲು ಓಡುತ್ತಿತ್ತು. ಒಳ್ಳೆ ಸ್ಪೀಕರ್ ಇಟ್ಟು ಆ ಹಾಲ್‌ನ ರೆಕಾರ್ಡುಗಳನ್ನು ಕೇಳಿದರೆ ನಿಶ್ಶಬ್ದದ ಜಾಗದಲ್ಲಿ ಗುಡುಗುಡು ಅನ್ನುವುದು ಸಿಗುತ್ತದೆ. ರೈಲು ಓಡುತ್ತದೆ ಅಂತ ಯಾರೂ ಹಾಲ್ ಬಿಟ್ಟು ಹೋಗಲಿಲ್ಲ, ಸದ್ದು ಅಷ್ಟು ಚೆನ್ನಾಗಿತ್ತು. ನಮ್ಮ ಹಾಲ್‌ನ ಪಾರಿವಾಳಕ್ಕೆ, ಎದುರು ದೇವಸ್ಥಾನದ ಗಂಟೆಗೆ ನಾನು ಹೆದರುವುದಿಲ್ಲ. ಮಳೆ ಬಂದರೆ ಮಾತ್ರ ಹೆಂಚಿನ ಮೇಲೆ ಏನೂ ಕೇಳಿಸಲ್ಲ, ಆವತ್ತು ರೆಕಾರ್ಡಿಂಗ್ ಬಿಟ್ಟು ಕಾಫಿ ಕುಡಿಯಬೇಕು.

ರೆಕಾರ್ಡಿಂಗ್‌ನಿಂದ ಹಾಲ್ ಉಳಿದಿದ್ದೂ ಉಂಟು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1892ರ ರೈಮನ್ ಹಾಲ್ 1974ರ ಮೇಲೆ ಹೆಚ್ಚೂಕಡಿಮೆ ಪಾಳು ಬಿದ್ದಿತ್ತು. 1991ರಲ್ಲಿ ಎಮಿಲೂ ಹ್ಯಾರಿಸ್ ಎಂಬ ಗಾಯಕಿ ಅಲ್ಲಿ ಮೂರು ರಾತ್ರಿ ಹಾಡಿ ರೆಕಾರ್ಡ್ ಮಾಡಿದರು. ಬಾಲ್ಕನಿ ಬೀಳುವ ಸ್ಥಿತಿ, ಅದರ ಮೇಲೂ ಕೂರುವಂತಿಲ್ಲ, ಕೆಳಗೂ ಕೂರುವಂತಿಲ್ಲ, ಹಾಗಾಗಿ ರಾತ್ರಿಗೆ ಸುಮಾರು 200 ಜನಕ್ಕೆ ಮಾತ್ರ ಪ್ರವೇಶ. ಆ ರೆಕಾರ್ಡ್ ಕೇಳಿದ ಮೇಲೆ ಜನಕ್ಕೆ ಹಾಲ್ ನೆನಪಾಯಿತು, ರಿಪೇರಿ ಆಯಿತು, 1994ರಲ್ಲಿ ಮತ್ತೆ ತೆರೆಯಿತು.

ಇಲ್ಲಿಯದೇ ಬೇಕೆಂದರೆ ಅದೂ ಇದೆ. 1935ರಲ್ಲಿ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು, ಅದೇ ಆಕಾಶವಾಣಿ ಅಂತ ಹೆಸರಾಯಿತು. ದೊಡ್ಡ ಕಟ್ಟಡ ಇರಲಿಲ್ಲ, ಸ್ಪಂಜಂತೂ ಇರಲೇ ಇಲ್ಲ. ಅದಕ್ಕೂ ಹಿಂದೆ, ಮೈಕೇ ಇಲ್ಲದ ಕಾಲದಲ್ಲಿ, ಬಿಡಾರಂ ಕೃಷ್ಣಪ್ಪನವರು ಹಾಡಿ ಗಳಿಸಿದ ದುಡ್ಡಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅವರ ಶಿಷ್ಯರು ಚೌಡಯ್ಯನವರು, ಹಿಂದೆ ಕೂತವರಿಗೂ ಪಿಟೀಲು ಕೇಳಿಸಲಿ ಅಂತ ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಅಂದರೆ ಅವರು ವಾದ್ಯವನ್ನು ಹಾಲ್‌ಗೆ ಹೊಂದಿಸಿಕೊಂಡರು. (ನನ್ನಂಥ ಮೈಕ್ ಸೆಟ್‌ನವನಿಗೆ ಆ ಕಾಲದಲ್ಲಿ ಕೆಲಸವೇ ಇರುತ್ತಿರಲಿಲ್ಲ, ಅದು ಬೇರೆ ವಿಚಾರ.)

ಮತ್ತೇನು ಮಾಡಬೇಕು ಅಂತೀರಾ? ವೇದಿಕೆ ಹಿಂದೆ ಒಂದು ರೂಮ್ ಇದೆ, ಹನ್ನೆರಡಡಿಗೆ ಹತ್ತಡಿ. ಒಂದು ಕಾಲಕ್ಕೆ ಕಲಾವಿದರು ಕಾಫಿ ಕುಡಿಯುತ್ತಿದ್ದ ಜಾಗ. ಅದನ್ನು ಕಂಟ್ರೋಲ್ ರೂಮ್ ಮಾಡಿ. ದುಡ್ಡೆಲ್ಲ ಅಲ್ಲಿ ಹಾಕಿ. ಸದ್ದು ಕುಡಿಯುವ ಸಾಮಾನು ಅಲ್ಲಿ ಬೇಕು, ಅದೂ ಬೆಂಕಿ ಹತ್ತದ ರಾಕ್‌ವೂಲ್ (ಕಲ್ಲಿನ ನಾರು), ಬಟ್ಟೆ ಹೊದಿಸಿದ ಮರದ ಫ್ರೇಮಿನಲ್ಲಿ, ಗೋಡೆಗೆ ಅಂಟಿಸದೆ ಸುಮ್ನೆ ಒರಗಿಸಿ ಇಡುವ ಹಾಗೆ, ನಾಳೆ ಬೇಡ ಅಂದರೆ ಎತ್ತಿಕೊಂಡು ಹೋಗುವ ಹಾಗೆ. ಗಾಜಿನ ಕಿಟಕಿ ಏನೂ ಬೇಡ, ವೇದಿಕೆ ಕಡೆ ಒಂದು ಕ್ಯಾಮೆರಾ, ಒಳಗೆ ಒಂದು ಟಿವಿ ಸಾಕು. ಅದೇ ರೂಮಿನಲ್ಲಿ ಒಬ್ಬರು ಕೂತು ಹಾಡುವ, ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸವೂ ಆಗುತ್ತದೆ, ಬಾಡಿಗೆ ಬರುತ್ತದೆ.

ವೇದಿಕೆಯ ಮೈಕ್‌ಗಳಿಂದ ಸದ್ದನ್ನು ಸ್ಪ್ಲಿಟರ್‌ನಲ್ಲಿ ಎರಡು ಮಾಡಿ, ಒಂದು ಹಾಲ್‌ನ ಸ್ಪೀಕರ್‌ಗೆ, ಒಂದು ಒಳಗಿನ ರೆಕಾರ್ಡಿಂಗ್‌ಗೆ. ಇದು ಬಹಳ ಮುಖ್ಯ. ಈಗ ಎಲ್ಲ ಕಡೆ ಆಗುತ್ತಿರುವುದೇನೆಂದರೆ, ಹಾಲ್‌ನವರಿಗೆ ಕೇಳಲಿ ಅಂತ ನಾವು ಮಾಡಿದ ಮಿಕ್ಸನ್ನೇ ಯೂಟ್ಯೂಬ್‌ಗೆ ಬಿಡುತ್ತಾರೆ, ಹಾಲ್‌ನಲ್ಲಿ ಮೃದಂಗ ಹಾಗೇ ಕೇಳಿಸುತ್ತೆ ಅಂತ ನಾವು ಅದರ ಮೈಕ್ ಕಮ್ಮಿ ಇಟ್ಟಿರುತ್ತೇವೆ, ಮನೆಯಲ್ಲಿ ಕೇಳಿದವರು ‘ಮೃದಂಗವೇ ಇಲ್ವಲ್ಲ’ ಅಂತ ಬೈಯುತ್ತಾರೆ. ಮಧ್ಯದ ತೊಲೆಯಿಂದ ಎರಡು ಒಳ್ಳೆ ಮೈಕ್ ಇಳಿಬಿಡಿ, ಅವು ಹಾಲ್ ಅನ್ನು ಹಿಡಿಯಲಿಕ್ಕೆ. ‘ಭೇಷ್’ ಅಂದಿದ್ದೂ ಬರಬೇಕು.

ಕರೆಂಟಿನ ವಿಚಾರದಲ್ಲಿ ಜಿಪುಣತನ ಬೇಡ. ಸ್ಟುಡಿಯೋಗೆ ಬೇರೆ ಲೈನ್, ಸರಿಯಾದ ಅರ್ತಿಂಗ್. ಅದೇ ಲೈನ್‌ಗೆ ಫ್ಯಾನ್ ರೆಗ್ಯುಲೇಟರ್, ಸೀರಿಯಲ್ ಲೈಟ್ ಹಾಕಿದರೆ ರೆಕಾರ್ಡಿಂಗ್ ತುಂಬಾ ಗುಂಯ್ ಅನ್ನುತ್ತದೆ, ಅದನ್ನು ಯಾವ ಕಂಪ್ಯೂಟರೂ ಪೂರ್ತಿ ತೆಗೆಯಲ್ಲ. ನಾನು ಒಂದು ಸಲ ಅರ್ತಿಂಗ್ ನೋಡದೆ ದುಡುಕಿ, ಊರಿಗೆ ಅಪರೂಪಕ್ಕೆ ಬಂದಿದ್ದ ಹಿರಿಯ ವೈಣಿಕರೊಬ್ಬರ ಎರಡೂವರೆ ಗಂಟೆಯ ಕಚೇರಿಯನ್ನು ಹಮ್ಮಿಂಗ್ ಜೊತೆ ರೆಕಾರ್ಡ್ ಮಾಡಿಟ್ಟಿದ್ದೇನೆ. ವೀಣೆಯ ಅನುಮಂದ್ರದ ತಂತಿ ಮೀಟಿದಾಗಲೆಲ್ಲ ಅದರ ಹಿಂದೆ ಒಂದು ಜೇನುಗೂಡು. ಕೇಬಲ್ ಎಳೆಯಲು ಗೋಡೆ ಕೊರೆಯಬೇಡಿ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಪೈಪ್ ಹಾಕಿ. ಕೊರೆದು ಆಮೇಲೆ ಸಿಮೆಂಟ್ ಮೆತ್ತುತ್ತಾರೆ, ಗಾರೆ ಗೋಡೆಗೆ ಸಿಮೆಂಟ್ ಬಿದ್ದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಹೋದರು, 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು. ಹಳೆ ಕಟ್ಟಡದ ಮೇಲೆ ಫಾಲ್ಸ್ ಸೀಲಿಂಗ್ ನೇತು ಹಾಕುವ ಮುಂಚೆ ಆ ತೊಲೆಗಳಿಗೆ ಅಷ್ಟು ತೂಕ ತಡೆಯುವ ಶಕ್ತಿ ಇದೆಯಾ ಅಂತ ಯಾರಾದರೂ ನೋಡಿದರಾ ಅಂತ ಕೇಳಿದೆ. ‘ನೋಡಿಸೋಣ’ ಅಂದರು.

ಇನ್ನೊಂದು ಮಾತು, ಕಲಾವಿದರ ಬಗ್ಗೆ. ಕೆಲವು ವರ್ಷದ ಹಿಂದೆ ಒಂದು ಕಡೆ ನಾನು ಸೌಂಡ್ ಮಾಡಿದ ಕಚೇರಿಯನ್ನು ಯಾರನ್ನೂ ಕೇಳದೆ ನೆಟ್‌ಗೆ ಹಾಕಿದರು, ಜಾಹೀರಾತು ಸಮೇತ. ಮೃದಂಗದ ಹುಡುಗ ನನಗೆ ಫೋನ್ ಮಾಡಿ ‘ನನ್ನ ತನಿ ಲಕ್ಷ ಜನ ನೋಡಿದಾರಂತೆ ಸಾರ್, ನನಗೆ ಆವತ್ತು ಕೊಟ್ಟಿದ್ದು ಶಾಲು ಮತ್ತು ಬಸ್ ಚಾರ್ಜು’ ಅಂದ. ಕಾಪಿರೈಟ್ ಕಾಯ್ದೆಯಲ್ಲಿ ಹಾಡಿದವರಿಗೆ, ನುಡಿಸಿದವರಿಗೆ 50 ವರ್ಷದ ಹಕ್ಕಿದೆ, ಪಕ್ಕವಾದ್ಯದವರಿಗೂ ಸೇರಿ. ಸ್ಟುಡಿಯೋ ಶುರು ಮಾಡುವ ದಿನವೇ ಒಂದು ಪುಟದ ಒಪ್ಪಿಗೆ ಪತ್ರ, ಕನ್ನಡದಲ್ಲಿ, ತಯಾರಿರಲಿ. ಬಂದ ದುಡ್ಡಿನಲ್ಲಿ ಎಷ್ಟು ಯಾರಿಗೆ ಅಂತ ಅದರಲ್ಲೇ ಬರೆದಿರಲಿ. ಕಚೇರಿ ಮುಗಿದ ಮೇಲೆ ಅಲ್ಲ, ಮುಂಚೆ ಸಹಿ ಹಾಕಿಸಿ.

ಮತ್ತೆ ವೇದಿಕೆ ಹಿಂದಿನ ರೂಮಿನ ಅಟ್ಟದ ಮೇಲೆ ಎರಡು ಟ್ರಂಕ್ ಇವೆ, ಕಮಿಟಿಯವರು ಗಮನಿಸಿದ್ದಾರೋ ಇಲ್ಲವೋ. ಸ್ಪೂಲ್ ಟೇಪ್‌ಗಳು. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವದರ ಮೇಲೆ ಪೆನ್ಸಿಲ್‌ನಲ್ಲಿ ಬರೆದ ರಾಗದ ಹೆಸರು ಅರ್ಧ ಅಳಿಸಿದೆ. ಸ್ಟುಡಿಯೋದ ಮೊದಲ ಕೆಲಸ ಅವನ್ನು ಕಂಪ್ಯೂಟರಿಗೆ ಇಳಿಸುವುದಾಗಲಿ. ಹಳೆ ಮಷೀನ್ ನನ್ನ ಅಂಗಡಿಯಲ್ಲಿ ಇದೆ, ಬೆಲ್ಟ್ ಬದಲಾಯಿಸಿದರೆ ಓಡುತ್ತದೆ. ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ.

ಬರುವ ಭಾನುವಾರ ಸರ್ವ ಸದಸ್ಯರ ಸಭೆ ಇದೆ. ನಿಮ್ಮ ಪತ್ರಿಕೆಯಲ್ಲಿ ಇದು ಬಂದರೆ ಕಮಿಟಿಯವರು ಓದುತ್ತಾರೆ, ನಾನು ಹೇಳಿದರೆ ಕೇಳಲ್ಲ. ವೇದಿಕೆ ಹಿಂದಿನ ಆ ರೂಮಿನಲ್ಲಿ ಈಗ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳು ಸೂರಿನ ತನಕ ತುಂಬಿವೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೂರು ಜನ ಮೂರು ಹೆಸರು ಹೇಳುತ್ತಾರೆ. ಅದೊಂದನ್ನು ಹುಡುಕಿಸಿ, ಕುರ್ಚಿ ಹೊರಗೆ ಹಾಕಿಸಿಕೊಟ್ಟರೆ ಸೋಮವಾರವೇ ನಾನೂ ಮಗನೂ ಟೇಪ್ ಹಿಡಿದು ಅಳತೆ ತೆಗೆದುಕೊಳ್ಳಲು ಬರುತ್ತೇವೆ.

ಇಂತಿ,
ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಮೈಕ್ ಸೆಟ್‌ನವ
ಮೈಸೂರು